ದುರ್ಗದಬೈಲಿನ ಕಿರ್ದಿಗೆ ದಿಲ್ಲಿಯ ಹಣ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಆರರ ನಂತರ ಕಾಲಿಡಲು ಜಾಗ ಸಿಗುವುದು ಕಷ್ಟ. ಸೀರೆ, ಕುಪ್ಪಸದ ಅರಿವೆ, ಬಳೆ, ಪಾತ್ರೆ, ಗಿರಮಿಟ್ಟು, ಮಿರ್ಚಿ ಭಜಿ. ಬೇಕಾದದ್ದೂ ಬೇಡವಾದದ್ದೂ ಅಲ್ಲಿ ಸಿಗುತ್ತದೆ. ಬ್ರಾಡ್‌ವೇ ಕಡೆಯಿಂದ ಬರುವವರು ಒಂದು ಪ್ರವಾಹವಾದರೆ, ಒಳಗಿನ ಓಣಿಗಳಿಂದ ಹೊರಬರುವವರು ಇನ್ನೊಂದು. ಹೆಸರೇ ಹೇಳುವಂತೆ ಇದು ಒಂದು ಕಾಲಕ್ಕೆ ಕೋಟೆಯ ಬಯಲು. ಸವಣೂರು ನವಾಬರ ಆಳ್ವಿಕೆಯ ಕಾಲದಲ್ಲಿ ಬಸಪ್ಪ ಶೆಟ್ಟರ್ ಎಂಬ ವರ್ತಕ ಈ ಬಯಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದನೆಂದು ಊರಿನ ಇತಿಹಾಸ ಹೇಳುತ್ತದೆ. ಕೋಟೆ ಹೋಯಿತು, ಬಯಲೂ ಹೋಯಿತು. ಹೆಸರು ಮತ್ತು ವ್ಯಾಪಾರ ಉಳಿದವು.

ಈ ವ್ಯಾಪಾರದ ಚರಿತ್ರೆಯನ್ನು ಬರೆಯಬೇಕೆಂದರೆ ಆಧಾರ ಎಲ್ಲಿದೆ? 1673ರಲ್ಲಿ ಶಿವಾಜಿಯ ಸೈನ್ಯ ಹುಬ್ಬಳ್ಳಿಯನ್ನು ಲೂಟಿ ಮಾಡಿದಾಗ ಇಂಗ್ಲಿಷ್ ಕಂಪನಿಯ ಕೋಠಿಗೆ ಆದ ನಷ್ಟದ ವಿಷಯ ಕಂಪನಿಯ ಕಾಗದಪತ್ರಗಳಲ್ಲಿ ದಾಖಲಾಗಿದೆ. ಊರಿನ ವರ್ತಕರಿಗೆ ಆದ ನಷ್ಟವನ್ನು ಅಷ್ಟು ವಿವರವಾಗಿ ಬರೆದಿಟ್ಟವರಿಲ್ಲ. ಮುಂದಿನ ಕಾಲದ ಲೆಕ್ಕ ಮಾತ್ರ ವರ್ತಕರ ಬಳಿಯೇ ಇರುತ್ತದೆ. ಕಿರ್ದಿ, ಖತಾವಣಿ, ಹುಂಡಿಗಳ ಕಟ್ಟು. ಕೆಂಪು ಅರಿವೆಯ ಹೊದಿಕೆ ಹಾಕಿ ದಾರದಿಂದ ಬಿಗಿದ ಉದ್ದನೆಯ ಪುಸ್ತಕಗಳು. ಹಳೆಯವು ಮೋಡಿ ಲಿಪಿಯಲ್ಲಿ, ಆಮೇಲಿನವು ಕನ್ನಡ, ಮರಾಠಿ, ಗುಜರಾತಿಗಳಲ್ಲಿ. ಇಂಥವು ಹಳೆಯ ಪೇಟೆಗಳ ಅಟ್ಟಗಳ ಮೇಲೆ ಇರುತ್ತವೆ. ಅಂಗಡಿ ಒಡೆದು ಹೊಸದಾಗಿ ಕಟ್ಟಿಸುವಾಗ ರದ್ದಿಯವನ ತಕ್ಕಡಿಗೆ ಹೋಗುತ್ತವೆ.

ಹುಬ್ಬಳ್ಳಿಯ ಯಾವುದೋ ಕಾಲೇಜಿನ ಇತಿಹಾಸದ ಉಪನ್ಯಾಸಕರೊಬ್ಬರಿಗೆ ಈ ಕಿರ್ದಿಗಳನ್ನು ಓದಬೇಕೆಂಬ ಆಸೆ ಹುಟ್ಟಿತೆಂದು ಇಟ್ಟುಕೊಳ್ಳೋಣ. ಆಸೆಗೆ ಖರ್ಚಿಲ್ಲ, ಓದಿಗೆ ಇದೆ. ಮೋಡಿ ಬಲ್ಲವರೊಬ್ಬರು ಬೇಕು, ಪುಟಗಳ ಚಿತ್ರ ತೆಗೆಯುವವರು ಬೇಕು. ಪುಣೆ, ಮುಂಬಯಿಗಳ ದಫ್ತರಖಾನೆಗಳಿಗೆ ಓಡಾಡಬೇಕು, ಕಾಲೇಜಿನಿಂದ ಒಂದಷ್ಟು ದಿನ ಬಿಡುವು ಬೇಕು. ಸಂಬಳದಲ್ಲಿ ಆಗುವ ಕೆಲಸ ಇದಲ್ಲ. ಹಾಗಾದರೆ ಹಣ ಯಾರು ಕೊಡುತ್ತಾರೆ? ಕೇಳುವುದು ಹೇಗೆ? ವಿಶ್ವವಿದ್ಯಾಲಯದ ಕಾರಿಡಾರುಗಳಲ್ಲಿ ಪಿಸುಮಾತಿನಲ್ಲಿ ಹರಿದಾಡುವ ಈ ವಿದ್ಯೆಯನ್ನು ಪೇಟೆಯ ಬೆಳಕಿಗೆ ತಂದು ನೋಡುವುದು ಒಳ್ಳೆಯದು.

ವಿದ್ಯೆಗೆ ಹಣ ಕೊಡುವ ಪದ್ಧತಿ ಈ ನಾಡಿಗೆ ಹೊಸದಲ್ಲ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಒಂದು ಶಾಸನವಿದೆ, ಕಾಲ ಕ್ರಿ.ಶ. 945. ಅರಸನ ಮಂತ್ರಿ ನಾರಾಯಣನೆಂಬವನು ಅಲ್ಲಿ ಕಟ್ಟಿಸಿದ ಶಾಲೆಗೆ ದೂರದ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಆ ಶಾಲೆಗೆ ಬಿಟ್ಟ ದತ್ತಿಯ ವಿವರ ನೋಡಿದರೆ ಇಂದಿನ ಬಜೆಟ್ ಪಟ್ಟಿಯನ್ನೇ ಓದಿದಂತೆ ಆಗುತ್ತದೆ. ಉಪಾಧ್ಯಾಯನಿಗೆ 50 ನಿವರ್ತನ ಭೂಮಿ, ದೀಪದ ಎಣ್ಣೆಗೆ 12 ನಿವರ್ತನ, ವಿದ್ಯಾರ್ಥಿಗಳ ವಾಸಕ್ಕೆ ಮನೆಗಳು. ಅದು ಸಾಲದೆಂದು ಊರಿನವರು ಪ್ರತಿ ಮದುವೆಗೆ ಐದು ನಾಣ್ಯ ಕೊಡಬೇಕು, ಮುಂಜಿಗೆ ಅದರ ಅರ್ಧ. ಸಂಬಳದ ಬಾಬು ಬೇರೆ, ದೀಪದ ಬಾಬು ಬೇರೆ. ಒಂದರ ಹಣವನ್ನು ಇನ್ನೊಂದಕ್ಕೆ ತಿರುಗಿಸುವಂತಿಲ್ಲ. ಇಂದು ದಿಲ್ಲಿಯ ಮಂಜೂರಾತಿ ಪತ್ರದಲ್ಲಿ ಇರುವುದೂ ಇದೇ ಮಾತು, ಭಾಷೆ ಮಾತ್ರ ಶಾಸನದಷ್ಟು ಚೆಂದವಿಲ್ಲ.

ದತ್ತಿಯೂ ಇಲ್ಲದೆ, ಅರ್ಜಿಯೂ ಇಲ್ಲದೆ ಕೈಯಿಂದ ಹಾಕಿ ಸಂಶೋಧನೆ ಮಾಡಿದವರ ಕಥೆ ಇನ್ನೊಂದು. 1824ರ ಕಿತ್ತೂರಿನ ಕದನದಲ್ಲಿ ಸೆರೆಸಿಕ್ಕು ಬಿಡುಗಡೆಯಾದ ತರುಣ ಅಧಿಕಾರಿ ವಾಲ್ಟರ್ ಎಲಿಯಟ್ ಮುಂದೆ ಇದೇ ಧಾರವಾಡ ಸೀಮೆಯಲ್ಲಿ ಕೆಲಸ ಮಾಡುತ್ತ ಶಾಸನಗಳ ಪ್ರತಿ ಮಾಡಿಸಿದ. ಅವನ ಸಂಗ್ರಹದಲ್ಲಿ 595 ಶಾಸನಗಳ ನಕಲುಗಳಿದ್ದವು. ನೂರು ವರ್ಷಗಳ ನಂತರ, ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ವಚನಗಳ ತಾಳೆಗರಿ ಕೂಡಿಸಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಹೊರಬಂತು. 1925ರಲ್ಲಿ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ಶುರುವಾಯಿತು. ಕರ್ನಾಟಕ ವಿಶ್ವವಿದ್ಯಾಲಯ 1956ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅದು ದೊಡ್ಡ ಗೌರವವೇ, ಆದರೆ ಮಾರಿದ ಮನೆ ಮಾರಿದಂತೆಯೇ ಉಳಿಯಿತು. ಅನುದಾನದ ವ್ಯವಸ್ಥೆ ಯಾಕೆ ಬೇಕೆಂದು ಕೇಳುವವರಿಗೆ ಈ ಒಂದು ಉದಾಹರಣೆ ಸಾಕು. ಎಲ್ಲರಿಗೂ ಮಾರಲು ಮನೆ ಇರುವುದಿಲ್ಲ. ಇದ್ದವರೆಲ್ಲ ಹಳಕಟ್ಟಿಯವರೂ ಆಗುವುದಿಲ್ಲ.

ಸರ್ಕಾರದ ಹಣ ಈ ಸೀಮೆಯ ಸಂಶೋಧನೆಗೆ ಕ್ರಮಬದ್ಧವಾಗಿ ಹರಿಯತೊಡಗಿದ್ದಕ್ಕೆ 1939ರಲ್ಲಿ ಧಾರವಾಡದಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆ ಒಂದು ಗುರುತು. ಆಗ ಅದು ಮುಂಬಯಿ ಸರ್ಕಾರದ್ದು, ಆರ್.ಎಸ್. ಪಂಚಮುಖಿಯವರು ಮೊದಲ ನಿರ್ದೇಶಕರು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲೇ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದ ಮೇಲೆ ಈ ಸಂಸ್ಥೆ ಅದರ ತೆಕ್ಕೆಗೆ ಸೇರಿತು. ದಿಲ್ಲಿಯಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ 1953ರಲ್ಲಿ ಆರಂಭವಾಗಿ 1956ರಲ್ಲಿ ಶಾಸನಬದ್ಧವಾಯಿತು. ಅಲ್ಲಿಂದ ಮುಂದೆ ‘ಯುಜಿಸಿ’ ಎಂಬ ಮೂರಕ್ಷರ ಅಧ್ಯಾಪಕರ ಬಾಯಲ್ಲಿ ಕುಲದೇವರ ಹೆಸರಿನಂತೆ ನಿಂತಿತು.

ಈಗ ನಮ್ಮ ಉಪನ್ಯಾಸಕರ ಕಡೆಗೆ ಬರೋಣ. ಮೊದಲ ತಪ್ಪು ಸಾಮಾನ್ಯವಾಗಿ ಇಲ್ಲೇ ಆಗುತ್ತದೆ. ‘ಯಾರು ಹಣ ಕೊಡುತ್ತಾರೆ’ ಎಂದು ಹುಡುಕುತ್ತ ಹೋಗುತ್ತಾರೆ, ‘ನನ್ನ ಪ್ರಶ್ನೆ ಯಾವುದು’ ಎಂದು ಕೇಳಿಕೊಂಡಿರುವುದಿಲ್ಲ. ದುರ್ಗದಬೈಲು ಒಂದೇ, ಅದನ್ನು ನೋಡುವ ಕಣ್ಣು ಹಲವು. ಕಣ್ಣಿಗೆ ತಕ್ಕಂತೆ ಬಾಗಿಲು.

ಕಿರ್ದಿಗಳಿಂದ ವ್ಯಾಪಾರದ ಚರಿತ್ರೆ ಬರೆಯುವುದಾದರೆ ಅದು 1972ರಲ್ಲಿ ಸ್ಥಾಪನೆಯಾದ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನ ಬಾಗಿಲು. ಬೆಂಗಳೂರಿನಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಸಂಜೆ ಗಾಡಿ ಹಚ್ಚುವವರ ದಿನದ ದುಡಿಮೆ, ಸಾಲ, ಬಡ್ಡಿ, ಜಾಗದ ಜಗಳ ಇವುಗಳ ಅಧ್ಯಯನವಾದರೆ 1969ರಲ್ಲಿ ಹುಟ್ಟಿದ ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಪರಿಷತ್ತು. ಈ ಪರಿಷತ್ತಿನ ಮನ್ನಣೆ ಪಡೆದ ಸಂಶೋಧನಾ ಕೇಂದ್ರವೊಂದು ಧಾರವಾಡದಲ್ಲೇ ಇದೆ. ಬಹುಶಾಸ್ತ್ರೀಯ ಅಭಿವೃದ್ಧಿ ಸಂಶೋಧನೆಯ ಆ ಕೇಂದ್ರವನ್ನು ಜನ ಸಿಎಂಡಿಆರ್ ಎಂದೇ ಕರೆಯುತ್ತಾರೆ. ಅಲ್ಲಿಗೆ ಒಂದು ಬಸ್ಸಿನ ದೂರ ಹೋಗಿ ಹಿರಿಯರೊಬ್ಬರಿಂದ ಹಳೆಯ ಅರ್ಜಿಯೊಂದನ್ನು ಕೇಳಿ ನೋಡಿದರೆ ಹತ್ತು ಕಾರ್ಯಾಗಾರಗಳಲ್ಲಿ ಸಿಗದ ತಿಳಿವಳಿಕೆ ಸಿಗುತ್ತದೆ. ಒಬ್ಬನೇ ವರ್ತಕ ಗಿರಾಕಿ ನೋಡಿ ಕನ್ನಡ, ಉರ್ದು, ಮರಾಠಿ, ಮಾರವಾಡಿ ಬದಲಿಸುವ ಚಮತ್ಕಾರವನ್ನು ಅಭ್ಯಾಸ ಮಾಡುವುದಾದರೆ ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯ ಕಡೆ ನೋಡಬೇಕು. ಕರಿಯುವ ಎಣ್ಣೆ ಎಷ್ಟು ಸಲ ಕಾಯುತ್ತದೆ, ತಿನ್ನುವವರ ಮೈಗೆ ಏನಾಗುತ್ತದೆ ಎಂಬ ಪ್ರಶ್ನೆ ವೈದ್ಯಕೀಯ ಸಂಶೋಧನಾ ಪರಿಷತ್ತಿನದು. ಮಿರ್ಚಿ ಭಜಿಯ ಅಭಿಮಾನಿಗಳು ಈ ಸಂಶೋಧನೆಗೆ ಹಣ ಸಿಗದಿರಲೆಂದು ಹರಕೆ ಹೊರಬಹುದು.

ವಿಜ್ಞಾನ, ತಂತ್ರಜ್ಞಾನಗಳ ಮಾತೇ ಬೇರೆ. ಅಲ್ಲಿ ಈಚೆಗೆ ದೊಡ್ಡ ಬದಲಾವಣೆಯಾಗಿದೆ. ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ ಎಂದು ಇದ್ದದ್ದು 2023ರ ಕಾಯ್ದೆಯ ಮೂಲಕ ಅನುಸಂಧಾನ ನ್ಯಾಷನಲ್ ರಿಸರ್ಚ್ ಫೌಂಡೇಶನ್ ಎಂಬ ಹೊಸ ಸಂಸ್ಥೆಯಲ್ಲಿ ಲೀನವಾಯಿತು. 2024ರಿಂದ ಅದು ಕೆಲಸ ಆರಂಭಿಸಿದೆ. ಐದು ವರ್ಷಗಳಿಗೆ 50,000 ಕೋಟಿ ರೂಪಾಯಿ ಎಂಬ ಅಂಕಿ ಆಗ ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬಂತು. ಅದರಲ್ಲಿ ದೊಡ್ಡ ಪಾಲು ಖಾಸಗಿ ಮತ್ತು ಇತರ ಮೂಲಗಳಿಂದ ಬರಬೇಕಾದದ್ದು ಎಂಬುದು ಸಣ್ಣಕ್ಷರದಲ್ಲಿತ್ತು.

ಯುಜಿಸಿ ವಿಷಯದಲ್ಲಿ ಹಿರಿಯ ಅಧ್ಯಾಪಕರ ಸಲಹೆಯನ್ನು ತುಸು ಎಚ್ಚರದಿಂದ ಕೇಳಬೇಕು. ಅವರ ಕಾಲದಲ್ಲಿ ‘ಮೈನರ್ ಪ್ರಾಜೆಕ್ಟ್’, ‘ಮೇಜರ್ ಪ್ರಾಜೆಕ್ಟ್’ ಎಂಬ ಎರಡು ಯೋಜನೆಗಳು ಕಾಲೇಜು ಕಾಲೇಜಿಗೂ ತಲುಪಿದ್ದವು. ಹಳ್ಳಿಯ ಪದವಿ ಕಾಲೇಜಿನ ಕನ್ನಡ ಮೇಷ್ಟರೂ ತಮ್ಮ ತಾಲ್ಲೂಕಿನ ಜಾನಪದ ಸಂಗ್ರಹಕ್ಕೆ ಅಲ್ಲಿಂದ ಅಷ್ಟಿಷ್ಟು ಹಣ ತರುತ್ತಿದ್ದರು. 2010ರ ದಶಕದ ಕೊನೆಯ ಹೊತ್ತಿಗೆ ಆ ಯೋಜನೆಗಳಿಗೆ ಹೊಸ ಅರ್ಜಿ ಕರೆಯುವುದು ನಿಂತಿತು. ಬಂದ ವರದಿಗಳಲ್ಲಿ ಕಳಪೆಯವು ಇರಲಿಲ್ಲವೆಂದಲ್ಲ. ಆದರೆ ಸಣ್ಣ ಊರಿನ ಅಧ್ಯಾಪಕನಿಗೆ ಸಂಶೋಧನೆಯ ಮೊದಲ ಮೆಟ್ಟಿಲು ಅದೇ ಆಗಿತ್ತು. ಮೆಟ್ಟಿಲು ಸವೆದಿದೆಯೆಂದು ಕಿತ್ತು ಹಾಕಿದರೆ ಹತ್ತುವವನು ಜಿಗಿಯಬೇಕಾಗುತ್ತದೆ. 2022ರಲ್ಲಿ ಆಯೋಗ ಹೊಸದಾಗಿ ನೇಮಕಗೊಂಡ ಅಧ್ಯಾಪಕರಿಗೆ ಡಿ.ಎಸ್. ಕೊಠಾರಿ ಹೆಸರಿನಲ್ಲಿ ಮತ್ತು ಸೇವೆಯಲ್ಲಿರುವವರಿಗೆ ಬೇರೆಯಾಗಿ, ಎರಡು ವರ್ಷಕ್ಕೆ 10 ಲಕ್ಷ ರೂಪಾಯಿವರೆಗಿನ ಅನುದಾನಗಳನ್ನು ಪ್ರಕಟಿಸಿತು. ಸಂಖ್ಯೆ ಸೀಮಿತ, ಸ್ಪರ್ಧೆ ಅಖಿಲ ಭಾರತ ಮಟ್ಟದ್ದು.

ಸರ್ಕಾರದ ಹೊರಗೂ ಬಾಗಿಲುಗಳಿವೆ. ಬೆಂಗಳೂರಿನಲ್ಲಿ 1993ರಲ್ಲಿ ಆರಂಭವಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲೆ, ಸಂಸ್ಕೃತಿಗಳ ಸಂಶೋಧನೆಗೆ ಹಣ ಕೊಡುತ್ತ ಬಂದಿದೆ. ಅರ್ಜಿಯನ್ನು ಭಾರತೀಯ ಭಾಷೆಗಳಲ್ಲೂ ಬರೆಯಬಹುದೆಂಬುದು ಅದರ ಹೆಚ್ಚುಗಾರಿಕೆ. ಸಂಸ್ಥೆಯ ಮುದ್ರೆಯಿಲ್ಲದ ಬಿಡಿ ವ್ಯಕ್ತಿಗೂ ಅಲ್ಲಿ ಅವಕಾಶವುಂಟು. ಲಂಡನ್ನಿನ ಬ್ರಿಟಿಷ್ ಲೈಬ್ರರಿ 2004ರಿಂದ ನಡೆಸುತ್ತಿರುವ ಯೋಜನೆಯೊಂದು ಅಳಿವಿನಂಚಿನಲ್ಲಿರುವ ದಾಖಲೆಗಳ ಚಿತ್ರ ತೆಗೆದಿಡಲೆಂದೇ ಇದೆ. ಮೂಲ ಪ್ರತಿಗಳು ಇದ್ದ ದೇಶದಲ್ಲೇ ಉಳಿಯಬೇಕೆಂಬುದು ಅದರ ನಿಯಮ. ಅಟ್ಟದ ಮೇಲಿನ ಕಿರ್ದಿಗಳಿಗೆ ಇದಕ್ಕಿಂತ ಹೊಂದುವ ಬಾಗಿಲು ಸಿಗುವುದು ಅಪರೂಪ. ಆದರೆ ವಿದೇಶದ ಹಣವೆಂದ ಕೂಡಲೇ ವಿದೇಶಿ ವಂತಿಗೆ ಕಾಯ್ದೆ ಎದುರು ನಿಲ್ಲುತ್ತದೆ. ಆ ಹಣವನ್ನು ಪಡೆಯುವ ಅನುಮತಿ ತಮ್ಮ ಸಂಸ್ಥೆಗೆ ಇದೆಯೇ ಎಂದು ಅರ್ಜಿ ಬರೆಯುವ ಮೊದಲೇ ಕಚೇರಿಯಲ್ಲಿ ವಿಚಾರಿಸಬೇಕು. ಹಣ ಮಂಜೂರಾದ ಮೇಲೆ ವಿಚಾರಿಸಿ ಫಲವಿಲ್ಲ.

ಬಾಗಿಲು ಗೊತ್ತಾಯಿತು. ಮುಂದೆ ಪ್ರಶ್ನೆಯನ್ನು ಬರೆಯುವುದು. ‘ದುರ್ಗದಬೈಲಿನ ಸಮಗ್ರ ಇತಿಹಾಸ: ಒಂದು ಅಧ್ಯಯನ’ ಎಂಬ ಶೀರ್ಷಿಕೆಯನ್ನು ಪರಿಶೀಲಕರ ಮುಂದಿಟ್ಟರೆ ಅವರು ಮೊದಲ ಪುಟದಲ್ಲೇ ಪೆನ್ನು ಕೆಳಗಿಡುತ್ತಾರೆ. ಸಮಗ್ರ ಎಂದರೆ ಎಷ್ಟು? ಕೋಟೆಯಿಂದ ಆರಂಭಿಸುವುದೋ, ರೈಲಿನಿಂದಲೋ? ‘ಒಂದು ಅಧ್ಯಯನ’ ಎಂಬ ಎರಡು ಶಬ್ದ ನಮ್ಮ ವಿಶ್ವವಿದ್ಯಾಲಯಗಳಿಗೆ ಹತ್ತಿದ ಹಳೆಯ ಚಟ. ಅಧ್ಯಯನವಲ್ಲದೆ ಇನ್ನೇನನ್ನು ಮಾಡಲು ಹಣ ಕೇಳುತ್ತಾರೆ? ಅದರ ಬದಲು ಹೀಗೆ ಕೇಳಿ ನೋಡಬಹುದು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂತು, ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನ ಹತ್ತಿ ಅದಕ್ಕೂ ಮೊದಲೇ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು. ಹತ್ತಿ ಮಾರಿದ ರೈತ ಅದೇ ಪೇಟೆಯಲ್ಲಿ ಅರಿವೆ ಕೊಳ್ಳುತ್ತಿದ್ದ, ಬೆಳೆ ಬರುವವರೆಗೆ ಉದ್ರಿ ತೆಗೆದುಕೊಳ್ಳುತ್ತಿದ್ದ. ಹಾಗಾದರೆ ಹತ್ತಿಯ ಧಾರಣೆ ಬಿದ್ದ ವರ್ಷ ದುರ್ಗದಬೈಲಿನ ಅರಿವೆ ಅಂಗಡಿಯ ಉದ್ರಿ ಖಾತೆಗೆ ಏನಾಯಿತು? ಅಂಗಡಿಕಾರ ಸಾಲ ಬಿಟ್ಟನೇ, ಹೊಲ ಬರೆಸಿಕೊಂಡನೇ, ತಾನೇ ಮುಳುಗಿದನೇ?

ಇದು ಪ್ರಶ್ನೆ. ಇದಕ್ಕೆ ಉತ್ತರ ಗೊತ್ತಿಲ್ಲ, ಗೊತ್ತಾಗುವ ಸಾಧ್ಯತೆ ಇದೆ, ಉತ್ತರ ಕಿರ್ದಿಯಲ್ಲೇ ಇದೆ. ಪರಿಶೀಲಕನಿಗೆ ಬೇಕಾದದ್ದು ಇಷ್ಟೇ. ಹಿಂದೆ ಯಾರು ಏನು ಬರೆದಿದ್ದಾರೆಂಬ ಸಾಹಿತ್ಯಾವಲೋಕನವೂ ಆಗ ತಾನಾಗಿ ಚಿಕ್ಕದಾಗುತ್ತದೆ. ಧಾರವಾಡ ಜಿಲ್ಲೆಯ ಗೆಜೆಟಿಯರುಗಳಿಂದ ಹಿಡಿದು ಮುಂಬಯಿ ಪ್ರಾಂತದ ಹತ್ತಿಯ ಬಗೆಗಿನ ಬರಹಗಳವರೆಗೆ ಏನೇನಿದೆ, ಅವುಗಳಲ್ಲಿ ಅಂಗಡಿಕಾರನ ಪುಸ್ತಕವನ್ನು ತೆರೆದವರು ಇದ್ದಾರೆಯೇ ಇಲ್ಲವೇ ಎಂದು ಹೇಳಿದರೆ ಸಾಕು. ನಲವತ್ತು ಗ್ರಂಥಗಳ ಪಟ್ಟಿ ಕೊಟ್ಟು ಒಂದನ್ನೂ ಚರ್ಚಿಸದ ಅರ್ಜಿಗಳು ಪರಿಶೀಲಕರ ಮೇಜಿನ ಮೇಲೆ ರಾಶಿ ಬಿದ್ದಿರುತ್ತವೆ.

ಮುಂದಿನದು ಖರ್ಚಿನ ಪಟ್ಟಿ. ಅರ್ಜಿಯ ಪ್ರಾಮಾಣಿಕತೆ ಗೊತ್ತಾಗುವುದು ಇಲ್ಲೇ. ಅನೇಕರು ಮೊದಲು ಮಿತಿಯ ಮೊತ್ತವನ್ನು ನೋಡಿಕೊಂಡು, ಅದನ್ನು ಬಾಬುಗಳಿಗೆ ಹಂಚಿ, ಕೊನೆಗೆ ಕೂಡಿಸಿ ಸರಿಹೊಂದಿಸುತ್ತಾರೆ. ಅದು ತಿರುಗುಮುರುಗು ಲೆಕ್ಕ. ಕೆಲಸದಿಂದ ಹಣಕ್ಕೆ ಬರಬೇಕು. ಐದು ಅಂಗಡಿಗಳ ಮನೆತನದವರು ಒಪ್ಪಿದ್ದಾರೆ, ಒಟ್ಟು 200 ಕಿರ್ದಿಗಳಿವೆ, ಒಂದೊಂದರಲ್ಲಿ ಸುಮಾರು 150 ಪುಟ ಎಂದು ಇಟ್ಟುಕೊಂಡರೆ 30,000 ಪುಟಗಳಾದವು. ಒಬ್ಬ ಸಹಾಯಕ ದಿನಕ್ಕೆ 250 ಪುಟಗಳ ಚಿತ್ರ ತೆಗೆಯಬಲ್ಲನಾದರೆ 120 ದಿನ ಬೇಕು. ಅಷ್ಟನ್ನೂ ಓದಲಾಗದು, ಹತ್ತರಲ್ಲಿ ಒಂದು ಪುಟ ಆರಿಸಿದರೆ 3,000 ಪುಟ. ಮೋಡಿ ಬಲ್ಲವರು ದಿನಕ್ಕೆ 15 ಪುಟ ಬಿಡಿಸಿ ಬರೆದರೆ 200 ದಿನ. ಹೀಗೆ ಲೆಕ್ಕ ಬರೆದರೆ ಸಂಬಳದ ಬಾಬು ತಾನಾಗಿ ಹೊರಬೀಳುತ್ತದೆ, ಕಾಲಾವಧಿಯೂ ಗೊತ್ತಾಗುತ್ತದೆ. ಪರಿಶೀಲಕ ಈ ಅಂಕಿಗಳ ಜೊತೆ ಜಗಳವಾಡಬಹುದು, ಆದರೆ ಅರ್ಜಿದಾರನಿಗೆ ಕೆಲಸ ಗೊತ್ತಿದೆಯೆಂಬುದನ್ನು ಒಪ್ಪಲೇಬೇಕು.

ಸಹಾಯಕನ ಸಂಬಳವನ್ನು ಮನಬಂದಂತೆ ಬರೆಯುವಂತಿಲ್ಲ. ಪ್ರತಿ ಪರಿಷತ್ತಿಗೂ ಅದರದೇ ದರವಿದೆ. ಜೂನಿಯರ್ ರಿಸರ್ಚ್ ಫೆಲೋಗಳಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಎಂದು ಕೇಂದ್ರ ಸರ್ಕಾರ ನಿಗದಿ ಮಾಡಿದೆ. ಅದರ ಮೇಲೆ ಮನೆಬಾಡಿಗೆ. ಕಂಪ್ಯೂಟರ್, ಕ್ಯಾಮೆರಾಗಳನ್ನು ಕೇಳುವಾಗ ಕೈ ಹಿಡಿದು ಬರೆಯುವುದು ಒಳಿತು. ಇತಿಹಾಸದ ಅರ್ಜಿಯಲ್ಲಿ ಅರ್ಧ ಹಣ ಯಂತ್ರಗಳಿಗೇ ಹೋದರೆ ವಿಭಾಗದ ಪೀಠೋಪಕರಣಕ್ಕೆ ದಾರಿ ಹುಡುಕುತ್ತಿದ್ದಾರೆಂದು ದಿಲ್ಲಿಯವರಿಗೆ ತಿಳಿಯುತ್ತದೆ. ಸಂಸ್ಥೆಯ ಪಾಲು ಎಂದು ಒಂದಿಷ್ಟು ಶೇಕಡಾ ಸೇರಿಸುವುದು ವಾಡಿಕೆ. ಕಟ್ಟಡ, ವಿದ್ಯುತ್ತು, ಗುಮಾಸ್ತರ ಕೆಲಸಕ್ಕೆಂದು ಅದು ವಿಶ್ವವಿದ್ಯಾಲಯಕ್ಕೆ ಸಲ್ಲುತ್ತದೆ. ಸಾಲೋಟಗಿಯ ದೀಪದೆಣ್ಣೆಯ ಭೂಮಿ ನೆನಪಾದರೆ ತಪ್ಪಿಲ್ಲ.

ಇಷ್ಟೆಲ್ಲ ಆದರೂ ಅರ್ಜಿ ಅಧ್ಯಾಪಕನದಲ್ಲ, ಸಂಸ್ಥೆಯದು. ಪ್ರಾಚಾರ್ಯರ ಅಥವಾ ಕುಲಸಚಿವರ ಸಹಿ, ಮುದ್ರೆ ಬೇಕು. ಯುಜಿಸಿ ಕಾಯ್ದೆಯ 2(ಎಫ್) ಮತ್ತು 12(ಬಿ) ಎಂಬ ಎರಡು ಕಲಮುಗಳು ಇಲ್ಲಿ ಅಡ್ಡ ಬರುತ್ತವೆ. ಕಾಲೇಜು 12(ಬಿ) ಪಟ್ಟಿಯಲ್ಲಿ ಇರದಿದ್ದರೆ ಕೇಂದ್ರದ ಎಷ್ಟೋ ಯೋಜನೆಗಳ ಬಾಗಿಲು ಮುಚ್ಚಿದಂತೆ. ಹತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವರಿಗೂ ತಮ್ಮ ಕಾಲೇಜು ಯಾವ ಪಟ್ಟಿಯಲ್ಲಿದೆಯೆಂದು ಗೊತ್ತಿರುವುದಿಲ್ಲ. ಇನ್ನು ಸಹಿಯ ವಿಷಯ. ಕೊನೆಯ ದಿನದ ಮಧ್ಯಾಹ್ನ ಫೈಲು ಹಿಡಿದು ಆಡಳಿತ ಭವನದ ಮೆಟ್ಟಿಲು ಹತ್ತಿದವರಿಗೆ ‘ಸಾಹೇಬರು ಬೆಂಗಳೂರಿಗೆ ಹೋಗ್ಯಾರ್ರೀ’ ಎಂಬ ಉತ್ತರ ಕಾದಿರುತ್ತದೆ. ದಿಲ್ಲಿ ಕೊಟ್ಟ ಕೊನೆಯ ದಿನಕ್ಕೆ ಎರಡು ವಾರ ಮೊದಲು ತಮ್ಮದೇ ಒಂದು ಕೊನೆಯ ದಿನ ಹಾಕಿಕೊಂಡವರೇ ಜಾಣರು.

ಅರ್ಜಿ ಹೋದ ಮೇಲೆ ಅದೇ ವಿಷಯದ ತಜ್ಞರು ಓದುತ್ತಾರೆ, ಉಳಿದವರನ್ನು ಸಮಿತಿಯ ಮುಂದೆ ಕರೆಯುವುದುಂಟು. ಅಲ್ಲಿ ಹತ್ತೋ ಹದಿನೈದೋ ನಿಮಿಷ. ಹುಬ್ಬಳ್ಳಿ ಎಲ್ಲಿದೆಯೆಂದೇ ಸರಿಯಾಗಿ ಗೊತ್ತಿರದವರಿಗೆ ದುರ್ಗದಬೈಲಿನ ಮಹತ್ವವನ್ನು ತಿಳಿಸಬೇಕು. ಪೇಟೆಯ ವರ್ಣನೆಯಲ್ಲಿ ಹೊತ್ತು ಕಳೆಯದೆ, ಒಂದು ಕಿರ್ದಿಯ ಒಂದು ಪುಟದ ಚಿತ್ರ ತೋರಿಸಿ, ಅದರ ಒಂದು ಸಾಲನ್ನು ಓದಿ, ಆ ಸಾಲಿನಿಂದ ಏನು ತಿಳಿಯುತ್ತದೆಂದು ಹೇಳಿದರೆ ಸಮಿತಿಯವರು ಕುರ್ಚಿಯಲ್ಲಿ ಮುಂದೆ ಸರಿದು ಕೂರುತ್ತಾರೆ. ತಿರಸ್ಕೃತವಾದರೂ ಕಾರಣ ಕೇಳಿ ಪಡೆಯಬೇಕು. ತಿದ್ದಿದ ಅರ್ಜಿ ಬೇರೆ ಬಾಗಿಲಿಗೆ ಹೋಗಬಹುದು.

ಭಾಷೆಯ ತೊಡಕನ್ನು ಇಲ್ಲಿ ಹೇಳದೆ ಬಿಡಲಾಗದು. ಕೇಂದ್ರದ ಬಹುಪಾಲು ಅರ್ಜಿಗಳು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ. ಕನ್ನಡ, ಮೋಡಿ ಎರಡನ್ನೂ ಓದಬಲ್ಲ, ಪೇಟೆಯ ಮಾತು ಬಲ್ಲ, ವರ್ತಕನ ಮನೆಯಲ್ಲಿ ಚಹಾ ಕುಡಿದು ಅಟ್ಟ ಹತ್ತಬಲ್ಲ ಸಂಶೋಧಕನಿಗೆ ಇಂಗ್ಲಿಷ್ ಗದ್ಯ ಹಿಡಿತಕ್ಕೆ ಸಿಗದಿದ್ದರೆ ಅವನ ಅರ್ಜಿ ಕೆಳಗೆ ಬೀಳುತ್ತದೆ. ಇಂಗ್ಲಿಷ್ ಬಲ್ಲವನಿಗೆ ಹಣ ಸಿಗುತ್ತದೆ, ಕಿರ್ದಿ ಓದಲು ಬರುವುದಿಲ್ಲ. ಕನ್ನಡದ ದೊಡ್ಡ ಸಂಪಾದನಾ ಕೆಲಸಗಳು ರಾಜ್ಯ ಸರ್ಕಾರದ ಹಣದಿಂದ ಆದದ್ದು ಕಾಕತಾಳೀಯವಲ್ಲ. ಧಾರವಾಡದ ಎಂ.ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿದ್ದ ಸಮಗ್ರ ವಚನ ಸಂಪುಟಗಳು, ಒಟ್ಟು 15, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಯೋಜನೆಯಾಗಿ 1993ರಲ್ಲಿ ಬಂದವು. ಎಪ್ಪತ್ತು ವರ್ಷ ಹಿಂದೆ ಹಳಕಟ್ಟಿಯವರು ಒಬ್ಬರೇ ಹೊತ್ತ ಕೆಲಸ ಅದು. ಇಬ್ಬರು ಕೂಡಿ ಬರೆಯುವುದು, ಅಂದರೆ ಕನ್ನಡ ಬಲ್ಲವರೂ ಇಂಗ್ಲಿಷ್ ಬಲ್ಲವರೂ ಜೊತೆಯಾಗುವುದು, ಸದ್ಯಕ್ಕೆ ಕಾಣುವ ದಾರಿ. ಆದರೆ ಯೋಜನೆಯ ಮುಖ್ಯ ಸಂಶೋಧಕನ ಹೆಸರು ಯಾರದೆಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಸ್ನೇಹ ಹೋಗುತ್ತದೆ.

ಹಣ ಮಂಜೂರಾಯಿತೆಂದು ಪೇಢೆ ಹಂಚಿದ ಮೇಲೆ ನಿಜವಾದ ಕಷ್ಟ ಆರಂಭ. ಹಣ ಒಂದೇ ಸಲ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ. ಮೊದಲ ಕಂತಿನ ಲೆಕ್ಕ ಒಪ್ಪಿಸದೆ ಎರಡನೆಯದಿಲ್ಲ. ಕೊನೆಯದು ವರದಿ ಕೊಟ್ಟ ನಂತರ. ಲೆಕ್ಕದ ಪತ್ರಕ್ಕೆ ಬಳಕೆ ಪ್ರಮಾಣಪತ್ರ ಎಂದು ಹೆಸರು. ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮಗಳಲ್ಲಿ ಅದರ ನಮೂನೆಗೆ 12-ಎ ಎಂಬ ಸಂಖ್ಯೆಯಿದೆ. ಅನುದಾನದ ಹಣಕ್ಕೆ ಬ್ಯಾಂಕಿನಲ್ಲಿ ಬಡ್ಡಿ ಹುಟ್ಟಿದರೆ ಅದೂ ಸರ್ಕಾರದ್ದೇ, ತಿರುಗಿ ಕಟ್ಟಬೇಕು. ಖರೀದಿಗೆ ದರಪಟ್ಟಿಗಳು, ಸರ್ಕಾರಿ ಖರೀದಿ ತಾಣದ ನಿಯಮಗಳು ಬೇರೆ. ದುರ್ಗದಬೈಲಿನಲ್ಲಿ ಹತ್ತು ನಿಮಿಷದಲ್ಲಿ ಚೌಕಾಸಿ ಮಾಡಿ ತರಬಹುದಾದ ಅರಿವೆಯ ಗಂಟಿಗೂ, ಕಿರ್ದಿ ಕಟ್ಟಿಡಲೆಂದು ಕೊಂಡರೆ, ಪಾವತಿ ಬೇಕು. 2024ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿಯು ವಿಶ್ವವಿದ್ಯಾಲಯಗಳ ಸಂಶೋಧನಾ ಅನುದಾನಕ್ಕೆ ತೆರಿಗೆ ವಿನಾಯಿತಿ ಘೋಷಿಸುವವರೆಗೆ, ಬಂದ ಅನುದಾನಕ್ಕೇ ತೆರಿಗೆ ಕಟ್ಟಿರೆಂಬ ನೋಟೀಸುಗಳೂ ಕೆಲವು ಸಂಸ್ಥೆಗಳಿಗೆ ಬಂದಿದ್ದವು. ಕಿರ್ದಿ ಓದಲು ಹೋದ ಉಪನ್ಯಾಸಕ ಕೊನೆಗೆ ತಾನೇ ಒಂದು ಕಿರ್ದಿ ಬರೆಯುವುದನ್ನು ಕಲಿಯುತ್ತಾನೆ.

ಈ ಕಂತು-ಲೆಕ್ಕಗಳ ಏರ್ಪಾಟಿಗೆ ಒಂದು ದೋಷವಿದೆ. ಎರಡು ಮೂರು ವರ್ಷದಲ್ಲಿ ಮುಗಿಯುವ ಕೆಲಸಕ್ಕೆ ಅದು ಹೊಂದುತ್ತದೆ, ಹತ್ತಾರು ವರ್ಷ ಹಿಡಿಯುವ ಕೆಲಸಕ್ಕೆ ಹೊಂದದು. ಹತ್ತಿಯ ಉದಾಹರಣೆಯನ್ನೇ ನೋಡಬಹುದು. ಅಖಿಲ ಭಾರತ ಹತ್ತಿ ಸುಧಾರಣಾ ಯೋಜನೆ 1967ರಲ್ಲಿ ಆರಂಭವಾಯಿತು. ಇಂಥ ಯೋಜನೆಗಳಲ್ಲಿ ರೂಪಾಯಿಗೆ ಹನ್ನೆರಡಾಣೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನದು, ನಾಲ್ಕಾಣೆ ರಾಜ್ಯದ್ದು ಎಂಬುದು ಬಂದ ಪದ್ಧತಿ, ಮತ್ತು ಹಣ ವರ್ಷದಿಂದ ವರ್ಷಕ್ಕೆ ಮುಂದುವರಿಯುತ್ತದೆ. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ 1972ರಲ್ಲಿ ‘ವರಲಕ್ಷ್ಮಿ’ ಬಂತು, ಎರಡು ಬೇರೆ ಪ್ರಭೇದಗಳ ಹತ್ತಿಯನ್ನು ಕೂಡಿಸಿದ ಮೊದಲ ವಾಣಿಜ್ಯ ಸಂಕರ ತಳಿ. 1981ರಲ್ಲಿ ‘ಡಿಸಿಎಚ್-32’, ರೈತರ ಬಾಯಲ್ಲಿ ‘ಜಯಲಕ್ಷ್ಮಿ’. ತಳಿಯ ಕೆಲಸ ಮಾಡುವವರಿಗೆ ಪ್ರತಿ ಮುಂಗಾರಿಗೆ ಹೊಸ ಅರ್ಜಿ ಬರೆಯುವ ಹೊಣೆ ಇದ್ದಿದ್ದರೆ ಹೊಲಕ್ಕೆ ಹೋಗಲು ಎಷ್ಟು ಹೊತ್ತು ಉಳಿಯುತ್ತಿತ್ತೋ. ಮಾನವಿಕ ವಿಷಯಗಳಿಗೆ ಇಂಥ ದೀರ್ಘ ಏರ್ಪಾಟು ತೀರ ವಿರಳ. ಇದ್ದಲ್ಲಿ ಹುದ್ದೆಗಳು ಖಾಲಿ.

ಹಾಗೆಂದು ದುರ್ಗದಬೈಲಿನ ಉಪನ್ಯಾಸಕರು ಕೈಕಟ್ಟಿ ಕೂರಬೇಕಾಗಿಲ್ಲ. ಅರ್ಜಿ ಕರೆದ ದಿನದಿಂದ ಮೊದಲ ಕಂತು ಕೈಸೇರುವವರೆಗೆ ಒಂದು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಆ ವರ್ಷದಲ್ಲಿ ಹಣ ಬೇಡದ ಕೆಲಸಗಳಿವೆ. ಅಂಗಡಿಯ ಹಿರಿಯರನ್ನು ಕಂಡು ಮಾತಾಡುವುದು, ಪುಸ್ತಕಗಳು ಎಷ್ಟಿವೆಯೆಂದು ಎಣಿಸಿ ಪಟ್ಟಿ ಮಾಡುವುದು, ಓದಲು ಒಪ್ಪಿಗೆಯೆಂದು ನಾಲ್ಕು ಸಾಲಿನ ಪತ್ರ ಬರೆಸಿಕೊಳ್ಳುವುದು. ಸಾಲಗಾರರ ಹೆಸರುಗಳು ಮೊಮ್ಮಕ್ಕಳ ಕಾಲದಲ್ಲೂ ಮುಜುಗರ ತರಬಲ್ಲವು; ಹೆಸರು ಹೊರಗೆ ಬಿಡುವುದಿಲ್ಲವೆಂಬ ಮಾತನ್ನು ಆ ಪತ್ರದಲ್ಲೇ ಸೇರಿಸಬೇಕು. ಅರ್ಜಿಯ ಜೊತೆ ಹೋಗುವ ಕಾಗದಗಳಲ್ಲಿ ಪರಿಶೀಲಕರು ಹೆಚ್ಚು ಬೆಲೆ ಕೊಡುವುದು ಇಂಥ ಪತ್ರಕ್ಕೇ. ಜೇಬಿನಲ್ಲಿರುವ ಫೋನಿನಿಂದ ಕೆಲವು ಪುಟಗಳ ಚಿತ್ರವನ್ನೂ ತೆಗೆದುಕೊಳ್ಳಬ��ುದು.

ಇದನ್ನು ದೀಪಾವಳಿಯ ಮೊದಲೇ ಮಾಡಬೇಕು. ಲಕ್ಷ್ಮೀಪೂಜೆಗೆ ಅಂಗಡಿಯಲ್ಲಿ ಹೊಸ ಕಿರ್ದಿ ಇಡುತ್ತಾರೆ. ಅದಕ್ಕೆ ಎರಡು ವಾರ ಮುಂಚೆ ಗೋಡೆಗೆ ಬಣ್ಣ ಬಳಿಸುತ್ತಾರೆ, ಅಟ್ಟ ಇಳಿಸುತ್ತಾರೆ. ರದ್ದಿಯವನು ಬರುವುದು ಆಗಲೇ.